ತೊಳೆದರೆ ಹೋಗುವ ಕೊಳೆ, ಹೋಗದ ಕೊಳೆ
ಇ-ಸಿಗರೇಟಿನ ಬಿಡಿಭಾಗಗಳ ನಿರ್ವಹಣೆಗೆ ಕೊಡುವ ಸೂಚನೆಗಳ ಒಂದು ವಿಮರ್ಶೆ

ಹಲವು ವರ್ಷಗಳ ಹಿಂದೆ ನನ್ನ ಬಳಿ ಬಿ.ಎಸ್‌ಸಿ. ತರಗತಿಯಲ್ಲಿ ಭೌತವಿಜ್ಞಾನ ಕಲಿತ ವಿದ್ಯಾರ್ಥಿಯೊಬ್ಬ ಈಗ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಹದಿನೈದು ವರ್ಷ ಸಿಗರೇಟು ಸೇದಿದವನು. ಅದನ್ನು ಬಿಡಬೇಕೆಂದು ಹೊರಟು ಇ-ಸಿಗರೇಟಿಗೆ ಬದಲಾಗಿದ್ದಾನೆ. ಯುಗಾದಿಯ ದಿನ ಫೋನ್ ಮಾಡಿದಾಗ ಮಾತಿನ ನಡುವೆ, "ಸರ್, ಒಂದು ಸಂದೇಹ. ಇದರ ಕಾಯಿಲನ್ನು ಆಲ್ಕೊಹಾಲಿನಲ್ಲಿ ನೆನೆಸಿ ತೊಳೆದರೆ ಹೊಸದರ ಹಾಗೆ ಆಗುತ್ತೆ ಅಂತಾರೆ. ನಿಜಾನಾ?" ಎಂದು ಕೇಳಿದ. ತಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಾಧನದ ಜೊತೆ ಬಂದ ಸೂಚನಾಪತ್ರವನ್ನೂ ಅಂಗಡಿಯಲ್ಲಿ ಕೊಟ್ಟ ಶುಚಿಗೊಳಿಸುವ ಕೈಪಿಡಿಯನ್ನೂ ಕಳಿಸು, ಓದಿ ಹೇಳುತ್ತೇನೆ ಎಂದೆ.

ಅವನು ಅವೆರಡರ ಜೊತೆಗೆ ತನ್ನ ಅಡುಗೆಮನೆಯ ಒಂದು ಚಿತ್ರವನ್ನೂ ಕಳಿಸಿದ್ದ. ತೊಳೆದ ಬಿಡಿಭಾಗಗಳನ್ನು ಒಣಗಲು ಇಟ್ಟ ಸ್ಟ್ಯಾಂಡ್ ಅದರಲ್ಲಿತ್ತು. ಅದೇ ಸ್ಟ್ಯಾಂಡಿನ ಇನ್ನೊಂದು ಬದಿಯಲ್ಲಿ ಅವನ ಎಂಟು ತಿಂಗಳ ಮಗಳ ಹಾಲಿನ ಬಾಟಲಿಗಳು ಬೋರಲಾಗಿದ್ದವು. ಕೈಪಿಡಿಯನ್ನು ನಾನು ಎರಡು ಸಲ ಓದಿದ್ದು ಆ ಚಿತ್ರ ನೋಡಿದ ಮೇಲೆ.

ನಮ್ಮ ದೇಶದಲ್ಲಿ ಇ-ಸಿಗರೇಟು ನಿಷಿದ್ಧ. ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆಯ ಮೂಲಕ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧಿನಿಯಮದ ಮೂಲಕ ಕೇಂದ್ರ ಸರ್ಕಾರ ಅದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ದೇಶದಾದ್ಯಂತ ನಿಲ್ಲಿಸಿತು. ಬ್ರಿಟನ್ನಿನ ನಿಲುವು ಬೇರೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ, ಇದು ಹಾನಿರಹಿತವಲ್ಲ, ಆದರೆ ಸೇದುವ ಸಿಗರೇಟಿಗಿಂತ ಕಡಿಮೆ ಹಾನಿಕರ ಎಂದು ಹೇಳಿ, ಧೂಮಪಾನ ಬಿಡುವ ವಯಸ್ಕರಿಗೆ ಇದನ್ನು ಒಂದು ಸಾಧನವಾಗಿ ಒಪ್ಪುತ್ತದೆ. ಜೊತೆಗೆ, ಒಮ್ಮೆ ಬಳಸಿ ಎಸೆಯುವ ಮಾದರಿಗಳ ಮಾರಾಟವನ್ನು ಆ ದೇಶ 2025ರ ಜೂನ್ 1ರಿಂದ ನಿಷೇಧಿಸಿದೆ. ಈಗ ಅಲ್ಲಿ ಕಾನೂನುಬದ್ಧವಾಗಿ ಸಿಗುವುದು ಮತ್ತೆ ಮತ್ತೆ ತುಂಬಿಸಿ ಬಳಸುವ ಸಾಧನ ಮಾತ್ರ. ಹಾಗಾಗಿ ಅದರ ಬಿಡಿಭಾಗಗಳನ್ನು ಮನೆಯಲ್ಲಿ ತೊಳೆಯುವುದು ಬಹಳ ಜನರ ದಿನಚರಿಯಾಗಿದೆ. ಅವರಲ್ಲಿ ನಮ್ಮವರೂ ಇದ್ದಾರೆ.

ಈ ಬರಹ ಸಾಧನದ ಪರವಾದ ವಕಾಲತ್ತಲ್ಲ. ಕೈಪಿಡಿಯನ್ನು ನಾನು ಪ್ರಯೋಗಶಾಲೆಯ ದಾಖಲೆ ಪುಸ್ತಕ ತಿದ್ದುವ ಹಾಗೆ ತಿದ್ದಿದ್ದೇನೆ, ಅಷ್ಟೆ. ಯಾವುದೇ ಶುಚಿಗೊಳಿಸುವ ವಿಧಾನಕ್ಕೆ ಮೂರು ಪ್ರಶ್ನೆ ಕೇಳಬೇಕು. ಹೋಗಬೇಕಾದ ಕೊಳೆ ಯಾವುದು? ಹೇಳಿದ ವಿಧಾನ ಅದನ್ನೇ ತೆಗೆಯುತ್ತದೆಯೇ? ಹೋಯಿತೆಂದು ತಿಳಿಯುವುದು ಹೇಗೆ? ಈ ಪ್ರಶ್ನೆಗಳಿಗೆ ಕೈಪಿಡಿ ಕೊಡುವ ಉತ್ತರಗಳನ್ನು ಒಂದೊಂದಾಗಿ ನೋಡೋಣ.

ಸಾಧನದ ರಚನೆ

ಮನೆಯಲ್ಲಿ ಸೊಳ್ಳೆ ಓಡಿಸಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ದ್ರವದ ಯಂತ್ರವನ್ನು ಎಲ್ಲರೂ ನೋಡಿದ್ದೀರಿ. ಬಾಟಲಿಯಲ್ಲಿ ದ್ರವ, ಅದರಲ್ಲಿ ಅದ್ದಿದ ಬತ್ತಿ, ಬತ್ತಿಯ ತುದಿಯ ಸುತ್ತ ಒಂದು ತಾಪಕ. ಇ-ಸಿಗರೇಟಿನ ತತ್ತ್ವವೂ ಇದೇ. ಟ್ಯಾಂಕಿನಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಬೆರೆಸಿದ ದ್ರವ, ಅದರಲ್ಲಿ ನಿಕೊಟಿನ್, ಪರಿಮಳ, ಹಲವು ಬಾರಿ ಸಿಹಿಕಾರಕ ಇರುತ್ತವೆ. ಹತ್ತಿಯ ಬತ್ತಿ ಲೋಮನಾಳ ಕ್ರಿಯೆಯಿಂದ ಈ ದ್ರವವನ್ನು ಎಳೆದು ತಂತಿಯ ಸುರುಳಿಗೆ, ಅಂದರೆ ಕಾಯಿಲಿಗೆ, ಉಣಿಸುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿ ಕಾಯಿಲನ್ನು ಕಾಯಿಸುತ್ತದೆ. ಆವಿ ಹೊರಬಂದು ತಣಿದು ಸೂಕ್ಷ್ಮ ಹನಿಗಳ ಮಂಜಾಗಿ ಬಾಯಿಗೆ ಬರುತ್ತದೆ.

ಸೊಳ್ಳೆ ಯಂತ್ರಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ತಾಪಕ ಬತ್ತಿಯಿಂದ ದೂರ ನಿಂತು ನಿಧಾನವಾಗಿ ಬಿಸಿ ಕೊಡುತ್ತದೆ. ಇಲ್ಲಿ ತಂತಿ ಬತ್ತಿಗೆ ತಾಗಿಯೇ ಇದೆ, ಮೂರು ನಾಲ್ಕು ಸೆಕೆಂಡಿನಲ್ಲಿ ಎಲ್ಲ ಕೆಲಸ ಮುಗಿಯಬೇಕು. ಹಾಗಾಗಿ ಇಡೀ ಸಾಧನದಲ್ಲಿ ಮೂರು ಬೇರೆ ಬೇರೆ ಸ್ವಭಾವದ ವಸ್ತುಗಳಿವೆ. ಟ್ಯಾಂಕ್ ಒಂದು ಪಾತ್ರೆ. ಕಾಯಿಲ್ ಮತ್ತು ಬತ್ತಿ ಸೇರಿ ರಾಸಾಯನಿಕ ಕ್ರಿಯೆ ನಡೆಯುವ ಒಲೆ. ಬ್ಯಾಟರಿ ಶಕ್ತಿಯ ಭಂಡಾರ. ಕೈಪಿಡಿಯ ಮೊದಲ ದೋಷವೆಂದರೆ ಮೂರಕ್ಕೂ ಒಂದೇ ಪಾತ್ರೆ ತೊಳೆಯುವ ಮನೋಭಾವವನ್ನು ಅನ್ವಯಿಸಿರುವುದು.

ಟ್ಯಾಂಕ್: ಸರಿಯಾದ ಸಲಹೆ, ತಪ್ಪಾದ ಜಾಗ

ಟ್ಯಾಂಕಿನ ಬಗ್ಗೆ ಕೈಪಿಡಿ ಹೇಳುವುದು ಸರಳ. ಉಳಿದ ದ್ರವ ಸುರಿದುಬಿಡಿ, ಭಾಗಗಳನ್ನು ಬಿಚ್ಚಿ, ಅಡುಗೆಮನೆಯ ಸಿಂಕಿನಲ್ಲಿ ಉಗುರುಬೆಚ್ಚಗಿನ ನೀರಿನಿಂದ ತೊಳೆಯಿರಿ, ಒಣಗಿಸಿ ಜೋಡಿಸಿ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೊಟಿನ್ ಮೂರೂ ನೀರಿನಲ್ಲಿ ಚೆನ್ನಾಗಿ ಬೆರೆಯುವ ವಸ್ತುಗಳು. ಗಾಜು ಮತ್ತು ಉಕ್ಕಿನ ಭಾಗಗಳಿಗೆ ನೀರು ಸಾಕು. ಮೊದಲ ಎರಡು ಪ್ರಶ್ನೆಗಳಿಗೆ ಇಲ್ಲಿ ಒಪ್ಪುವ ಉತ್ತರವಿದೆ. ಬಾಯಿಗೆ ತಾಗುವ ತುದಿ ಅಕ್ರಿಲಿಕ್ ಪ್ಲಾಸ್ಟಿಕ್ಕಿನದಾಗಿದ್ದರೆ ಅದಕ್ಕೆ ಆಲ್ಕೊಹಾಲ್ ತಾಗಿಸಬಾರದು, ಸೂಕ್ಷ್ಮ ಬಿರುಕುಗಳು ಬೀಳುತ್ತವೆ. ಈ ಎಚ್ಚರಿಕೆ ಕೈಪಿಡಿಯಲ್ಲಿಲ್ಲ. ಆದರೂ ಇದು ಚಿಕ್ಕ ಲೋಪ.

ದೊಡ್ಡ ಲೋಪ ಬೇರೆಡೆ ಇದೆ. ಸುರಿಯುವ ದ್ರವ ಎಲ್ಲಿಗೆ ಹೋಗುತ್ತದೆ? ಬ್ರಿಟನ್ನಿನ 2016ರ ನಿಯಮದ ಪ್ರಕಾರ ಟ್ಯಾಂಕ್ 2 ಮಿಲಿಲೀಟರಿಗಿಂತ ದೊಡ್ಡದಿರಬಾರದು, ದ್ರವದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ನಿಕೊಟಿನ್ ಇರಬಾರದು. ಅಂದರೆ ತುಂಬಿದ ಟ್ಯಾಂಕಿನಲ್ಲಿ ಹೆಚ್ಚೆಂದರೆ 40 ಮಿಲಿಗ್ರಾಂ. ಗೋಡೆಗೆ ಅಂಟಿ ಉಳಿದದ್ದು 0.1 ಮಿಲಿಲೀಟರ್, ಅಂದರೆ ಎರಡು ಮೂರು ಹನಿ ಎಂದಿಟ್ಟುಕೊಳ್ಳಿ. ಅದರಲ್ಲಿ 2 ಮಿಲಿಗ್ರಾಂ ನಿಕೊಟಿನ್ ಇರಬಹುದು. ಒಂದು ಸಿಗರೇಟು ಸೇದಿದ ವಯಸ್ಕನ ದೇಹ ಹೀರಿಕೊಳ್ಳುವುದು ಸುಮಾರು 1ರಿಂದ 1.5 ಮಿಲಿಗ್ರಾಂ ಮಾತ್ರ. ಎರಡು ಹನಿಯ ಮಾತು ಇಷ್ಟಾದರೆ, ಅದೇ ಸಿಂಕು, ಅದೇ ಸ್ಪಂಜು, ಅದೇ ಸ್ಟ್ಯಾಂಡು ಮಗುವಿನ ಬಾಟಲಿಗೂ ಬಳಕೆಯಾದರೆ?

ನಿಕೊಟಿನ್ ಚರ್ಮದ ಮೂಲಕವೂ ಒಳಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಓದುಗರಿಗೆ ಹೊಗೆಸೊಪ್ಪಿನ ಬೆಳೆ ಹೊಸದಲ್ಲ. ಇಬ್ಬನಿಯಿಂದಲೋ ಮಳೆಯಿಂದಲೋ ನೆನೆದ ಹಸಿ ತಂಬಾಕಿನ ಎಲೆಯನ್ನು ಬರಿಗೈಯಲ್ಲಿ ಕೊಯ್ದು ಹೊರುವವರಿಗೆ ವಾಕರಿಕೆ, ತಲೆಸುತ್ತು, ತಲೆನೋವು ಬರುವುದುಂಟು. ವೈದ್ಯಶಾಸ್ತ್ರ ಇದನ್ನು ಹಸಿರು ತಂಬಾಕು ಕಾಯಿಲೆ ಎಂದು ಗುರುತಿಸಿದೆ. ಬೀಡಿ ಮುಟ್ಟದವರಿಗೂ ಅದು ಬರುತ್ತದೆ. ಹೀಗಿರುವಾಗ ನಿಕೊಟಿನ್ ದ್ರವದ ಟ್ಯಾಂಕನ್ನು ಬರಿಗೈಯಲ್ಲಿ ಅಡುಗೆಮನೆಯ ಸಿಂಕಿನಲ್ಲಿ ತೊಳೆಯಿರಿ ಎನ್ನುವುದು ಬೇಜವಾಬ್ದಾರಿಯ ಸಲಹೆ. ಕೈಗವಸು, ಬೇರೆ ಬೋಗುಣಿ, ಬೇರೆ ಬಟ್ಟೆ, ಮಕ್ಕಳ ಕೈಗೆಟುಕದ ಜಾಗ ಎಂಬ ನಾಲ್ಕು ಮಾತು ಸೇರಿಸಲು ಒಂದು ಸಾಲು ಸಾಕಾಗಿತ್ತು.

ಕಾಯಿಲನ್ನು ನೆನೆಸುವ ವಿಧಾನ

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಕಾಯಿಲನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅಥವಾ ವೋಡ್ಕಾದಲ್ಲಿ ಎರಡು ಗಂಟೆ ನೆನೆಸಿ, ನೀರಿನಲ್ಲಿ ಜಾಲಿಸಿ, ಊದಿ, ಒಂದು ದಿನ ಒಣಗಿಸಿದರೆ ಹೊಸದರಂತಾಗುತ್ತದೆ ಎಂದು ಕೈಪಿಡಿ ಹೇಳುತ್ತದೆ.

ಮೊದಲ ಪ್ರಶ್ನೆ: ಕೊಳೆ ಯಾವುದು? ಕಾಯಿಲಿನ ಮೇಲೆ ಕೂರುವ ಕಪ್ಪು ಅಂಟು ಮುಖ್ಯವಾಗಿ ಸಿಹಿಕಾರಕ ಮತ್ತು ಪರಿಮಳ ವಸ್ತುಗಳು ಸುಟ್ಟು ಉಳಿದದ್ದು. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಲ್ಸಿಯಸ್‌ನಲ್ಲೂ ಗ್ಲಿಸರಿನ್ 290 ಡಿಗ್ರಿಯಲ್ಲೂ ಕುದಿಯುತ್ತವೆ. ಸಿಹಿಗೆ ಬಳಸುವ ಸುಕ್ರಲೋಸ್ ಆವಿಯಾಗುವುದೇ ಇಲ್ಲ, ಅದಕ್ಕಿಂತ ಬಹಳ ಕಡಿಮೆ ತಾಪದಲ್ಲೇ ವಿಭಜನೆಗೊಂಡು ಕರಿಯಾಗುತ್ತದೆ. ಬೆಲ್ಲದ ಪಾಕ ತಳ ಹಿಡಿದ ಬಾಣಲೆಯನ್ನು ನೆನೆಸಿಕೊಳ್ಳಿ.

ಎರಡನೆಯ ಪ್ರಶ್ನೆ: ಆಲ್ಕೊಹಾಲ್ ಅದನ್ನು ಕರಗಿಸುತ್ತದೆಯೇ? ಉಳಿದ ದ್ರವವನ್ನು, ಪರಿಮಳದ ಎಣ್ಣೆಯಂಶವನ್ನು ಕರಗಿಸುತ್ತದೆ. ಸುಟ್ಟು ಇಂಗಾಲವಾದದ್ದನ್ನು ಕರಗಿಸುವುದಿಲ್ಲ. ಹಾಗಾದರೆ ತೊಳೆದ ನೀರು ಕಂದುಬಣ್ಣಕ್ಕೆ ತಿರುಗುವುದೇಕೆ? ಬಣ್ಣ ಬಿಟ್ಟದ್ದು ಇನ್ನೂ ಪೂರ್ತಿ ಸುಡದ ಅಂಟು. ನೀರಿನ ಬಣ್ಣ ನೋಡಿ ತೃಪ್ತಿಪಡುವವನಿಗೆ ಹೋದದ್ದು ಕಾಣುತ್ತದೆ, ಉಳಿದದ್ದು ಕಾಣುವುದಿಲ್ಲ. ಅಂದ ಹಾಗೆ ವೋಡ್ಕಾದಲ್ಲಿ ಸಾಮಾನ್ಯವಾಗಿ ಶೇಕಡಾ 60ರಷ್ಟು ನೀರೇ ಇರುತ್ತದೆ.

ಉಳಿದದ್ದು ಎಲ್ಲಿದೆ ಎಂಬುದು ಮುಖ್ಯ. ಅದು ಬತ್ತಿಯ ಎಳೆಗಳ ನಡುವಿನ ಸಣ್ಣ ದಾರಿಗಳಲ್ಲಿ ಕೂತಿದೆ. ಲೋಮನಾಳದ ಎಳೆತ ತ್ರಿಜ್ಯಕ್ಕೆ ವಿಲೋಮವಾಗಿರುತ್ತದೆ, ನಾಳದ ಮೂಲಕ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಎರಡನ್ನೂ ಗುಣಿಸಿದರೆ, ಒಂದೇ ಉದ್ದದ ನಾಳಕ್ಕೆ, ಹರಿವು ತ್ರಿಜ್ಯದ ಮೂರನೆಯ ಘಾತದಂತೆ ಬದಲಾಗುತ್ತದೆ. ದಾರಿಯ ತ್ರಿಜ್ಯ ಅರ್ಧವಾದರೆ ದ್ರವದ ಪೂರೈಕೆ ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಕಣ್ಣಿಗೆ ಬಿಳಿಯಾಗಿ ಕಾಣುವ ಬತ್ತಿಯೂ ಒಳಗೆ ಹೀಗೆ ಕಟ್ಟಿಕೊಂಡಿರಬಹುದು. ಗ್ಲಿಸರಿನ್ ಹೆಚ್ಚಿರುವ ದ್ರವವಾದರೆ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಕೋಣೆಯ ತಾಪದಲ್ಲಿ ಗ್ಲಿಸರಿನ್ನಿನ ಸ್ನಿಗ್ಧತೆ ಪ್ರೊಪಿಲೀನ್ ಗ್ಲೈಕಾಲಿನ ಸ್ನಿಗ್ಧತೆಯ ಇಪ್ಪತ್ತು ಪಟ್ಟಿಗೂ ಮೀರಿದ್ದು.

ಪೂರೈಕೆ ಕಡಿಮೆಯಾದರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡೋಣ. 0.3 ಮಿಲಿಮೀಟರ್ ವ್ಯಾಸದ, 10 ಸೆಂಟಿಮೀಟರ್ ಉದ್ದದ ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ಮಿಶ್ರಲೋಹದ ತಂತಿ ತೆಗೆದುಕೊಳ್ಳಿ. ಅದರ ರೋಧ ಸುಮಾರು 2 ಓಮ್. 3.7 ವೋಲ್ಟ್ ಕೊಟ್ಟರೆ ಸುಮಾರು 7 ವಾಟ್ ಶಾಖ. ತಂತಿಯ ತೂಕ ಕೇವಲ 50 ಮಿಲಿಗ್ರಾಂ. ಅದರ ತಾಪವನ್ನು 1 ಡಿಗ್ರಿ ಏರಿಸಲು 0.023 ಜೌಲ್ ಸಾಕು. ತಣಿಸಲು ದ್ರವವಿಲ್ಲದಿದ್ದರೆ ತಂತಿಯ ತಾಪ ಆರಂಭದಲ್ಲಿ ಸೆಕೆಂಡಿಗೆ ಸುಮಾರು 300 ಡಿಗ್ರಿಯಂತೆ ಏರುತ್ತದೆ. ದ್ರವವಿದ್ದಾಗ ಹೀಗಾಗುವುದಿಲ್ಲ. ಒಂದು ಮಿಲಿಗ್ರಾಂ ದ್ರವವನ್ನು ಕುದಿಬಿಂದುವಿಗೆ ತಂದು ಆವಿಯಾಗಿಸಲು ಒಂದರಿಂದ ಒಂದೂವರೆ ಜೌಲ್ ಬೇಕು, ಶಾಖವೆಲ್ಲ ಅಲ್ಲಿಗೆ ಹೋಗುತ್ತದೆ. ಅನ್ನ ಬೇಯುವ ಪಾತ್ರೆಯಲ್ಲಿ ನೀರಿರುವ ತನಕ ತಳ ಸೀಯುವುದಿಲ್ಲವಲ್ಲ, ಹಾಗೆ. ನೀರು ಇಂಗಿದ ಮರುಕ್ಷಣ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಬತ್ತಿಯ ಹತ್ತಿ ಸುಮಾರು 300 ಡಿಗ್ರಿಯ ಹೊತ್ತಿಗೆ ಕರಕಲಾಗುತ್ತದೆ, ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್, ಅಕ್ರೊಲೀನ್‌ನಂತಹ ವಿಷಗಳಾಗುತ್ತವೆ.

ಹಾಗಾಗಿ ನೆನೆಸಿ ತೊಳೆದ ಕಾಯಿಲು ಹೊಸದರಂತಲ್ಲ. ಅದು ಅರ್ಧ ಕಟ್ಟಿಕೊಂಡ ಬತ್ತಿಯ ಕಾಯಿಲು, ವಾಸನೆ ಮಾತ್ರ ಹೋಗಿದೆ. ಇನ್ನೊಂದು ಅಪಾಯವೂ ಇದೆ. ಐಸೊಪ್ರೊಪೈಲ್ ಆಲ್ಕೊಹಾಲ್ 12 ಡಿಗ್ರಿ ತಾಪದಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಪೂರ್ತಿ ಒಣಗದ ಬತ್ತಿಯನ್ನು ಜೋಡಿಸಿ ಗುಂಡಿ ಒತ್ತಿದರೆ, ಆ ಆವಿ ಇರುವುದು ಕಾದ ತಂತಿಯ ಮೇಲೆ, ಬಳಸುವವನ ಮುಖದ ಎದುರಿಗೆ. "ಒಂದು ದಿನ ಒಣಗಿಸಿ" ಎಂದು ಬರೆದವರು ಏಕೆ ಎಂದು ಬರೆದಿಲ್ಲ. ಕಾರಣ ತಿಳಿಯದ ಸೂಚನೆಯನ್ನು ಅವಸರದಲ್ಲಿರುವವನು ಮೊದಲು ಕೈಬಿಡುತ್ತಾನೆ.

ಕೆಂಪಗೆ ಕಾಯಿಸುವ ವಿಧಾನ

ತಾವೇ ತಂತಿ ಸುತ್ತಿ ಕಾಯಿಲ್ ಮಾಡಿಕೊಳ್ಳುವವರಿಗೆ ಕೈಪಿಡಿ ಇನ್ನೊಂದು ವಿಧಾನ ಹೇಳುತ್ತದೆ. ಹತ್ತಿ ತೆಗೆದು, ಬರಿಯ ತಂತಿಗೆ ವಿದ್ಯುತ್ ಹರಿಸಿ ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದಿ, ಸಣ್ಣ ಬ್ರಷ್ಷಿನಿಂದ ಉಜ್ಜಿ, ಹೊಸ ಹತ್ತಿ ಹಾಕಿ. ಎರಡನೆಯ ಪ್ರಶ್ನೆಗೆ ಇದು ನೆನೆಸುವ ವಿಧಾನಕ್ಕಿಂತ ಒಳ್ಳೆಯ ಉತ್ತರ. ಘನವಸ್ತುಗಳು ಸುಮಾರು 525 ಡಿಗ್ರಿ ದಾಟಿದ ಮೇಲೆ ಕಣ್ಣಿಗೆ ಕಾಣುವಂತೆ ಕೆಂಪಗೆ ಹೊಳೆಯತೊಡಗುತ್ತವೆ ಎಂದು ಜಾನ್ ವಿಲಿಯಂ ಡ್ರೇಪರ್ 1847ರಲ್ಲಿ ತೋರಿಸಿದ. ಆ ತಾಪದಲ್ಲಿ ಇಂಗಾಲ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಸುಟ್ಟುಹೋಗುತ್ತದೆ. ಕರಿ ಹೋಗುವುದು ನಿಜ.

ಆದರೆ ತಂತಿಗೆ ಏನಾಯಿತು? ಇದನ್ನು ಕೈಪಿಡಿ ಕೇಳುವುದೇ ಇಲ್ಲ. ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದಾಗ ಫಳಫಳ ಹೊಳೆಯುತ್ತದೆ. ಹೋದದ್ದು ತಾಮ್ರದ ಆಕ್ಸೈಡು. ಹೊಳೆಯುವ ಹೊಸ ತಾಮ್ರ ಮತ್ತೆ ಗಾಳಿಗೆ ಒಡ್ಡಿಕೊಂಡು ಕಪ್ಪಾಗುತ್ತದೆ, ಪ್ರತಿ ಸಲವೂ ಒಂದಿಷ್ಟು ಲೋಹ ಹೋಗುತ್ತದೆ. ಬಿಂದಿಗೆಗೆ ಇದರಿಂದ ನಷ್ಟವಿಲ್ಲ. 0.3 ಮಿಲಿಮೀಟರಿನ ತಂತಿಯ ಲೆಕ್ಕ ಬೇರೆ. ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ಮಿಶ್ರಲೋಹವನ್ನು ಕುಲುಮೆಗಳಲ್ಲಿ ನಂಬಿ ಬಳಸುವುದು ಅದರ ಮೇಲೆ ಬೆಳೆಯುವ ಅಲ್ಯೂಮಿನಾ ಪದರದಿಂದಾಗಿ. ಒಳಗಿನ ಲೋಹವನ್ನು ಆ ಪದರ ಕಾಯುತ್ತದೆ. ಗಟ್ಟಿ ಪದರ ಬೆಳೆಯಲು ಸುಮಾರು 1000 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಕು. ಕೆಲವು ಸೆಕೆಂಡು ಕಾಯಿಸಿ, ಕೆಂಪಗಿರುವಾಗಲೇ ನೀರಿನಲ್ಲಿ ಅದ್ದಿ, ಬ್ರಷ್ಷಿನಿಂದ ಉಜ್ಜುವ ಕ್ರಮ ಆ ಪದರವನ್ನು ಬೆಳೆಸುವುದಕ್ಕೆ ತೀರ ವಿರುದ್ಧವಾದದ್ದು. ಕಾದ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದರೆ ಸೀಳುವಂತೆ, ಲೋಹ ಮತ್ತು ಪದರ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಪದರ ಬಿರಿಯುತ್ತದೆ.

ನೈಕ್ರೋಮ್ ತಂತಿಯಲ್ಲಿ ನಿಕ್ಕಲ್, ಕ್ರೋಮಿಯಂ ಇವೆ. ಟೈಟೇನಿಯಂ ತಂತಿಯನ್ನು ಕೆಂಪಗೆ ಕಾಯಿಸಿದರೆ ಟೈಟೇನಿಯಂ ಡೈಆಕ್ಸೈಡ್ ಆಗುತ್ತದೆ. ಉಸಿರಿನೊಂದಿಗೆ ಒಳಹೋಗುವ ಅದರ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಯಾವ ತಂತಿಗೆ ಈ ವಿಧಾನ ಸಲ್ಲದು ಎಂಬ ವಿಂಗಡಣೆ ಕೈಪಿಡಿಯಲ್ಲಿ ಇರಲೇಬೇಕಿತ್ತು. ನನ್ನ ಮುಂದಿರುವ ಪುಟಗಳಲ್ಲಿ "ತಂತಿ" ಎಂಬ ಒಂದೇ ಪದವಿದೆ.

ನಾಲಿಗೆ ಎಂಬ ಮಾಪಕ

ಮೂರನೆಯ ಪ್ರಶ್ನೆಗೆ, ಅಂದರೆ ಕೊಳೆ ಹೋಯಿತೆಂದು ತಿಳಿಯುವುದು ಹೇಗೆಂಬುದಕ್ಕೆ, ಕೈಪಿಡಿಯ ಎಲ್ಲ ಪುಟಗಳಲ್ಲೂ ಒಂದೇ ಉತ್ತರ: ರುಚಿ ಮರಳಿದರೆ ಶುಚಿಯಾಯಿತು. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ.

ನಾಲಿಗೆ ಪೂರ್ತಿ ಕೆಟ್ಟ ಮಾಪಕವೇನಲ್ಲ. 2015ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಒಂದು ವರದಿ, ಸಾಧನಕ್ಕೆ 3.3 ವೋಲ್ಟ್ ಕೊಟ್ಟಾಗ ಕಾಣದ ಫಾರ್ಮಾಲ್ಡಿಹೈಡ್ ಸಂಯುಕ್ತಗಳು 5 ವೋಲ್ಟ್ ಕೊಟ್ಟಾಗ ಕಂಡವು ಎಂದಿತು. ಅದೇ ವರ್ಷ ಬೇರೆ ಸಂಶೋಧಕರು, ಅಷ್ಟು ಬಿಸಿಯಾದಾಗ ಬರುವ ಸೀದ ರುಚಿಯನ್ನು ಯಾರೂ ಸಹಿಸಲಾರರು, ಬಳಸುವವರು ಕೂಡಲೇ ನಿಲ್ಲಿಸುತ್ತಾರೆ ಎಂದು ತೋರಿಸಿದರು. ಎರಡೂ ಮಾತು ಒಪ್ಪಬೇಕಾದವು. ಬತ್ತಿ ಪೂರ್ತಿ ಒಣಗಿದಾಗ ನಾಲಿಗೆ ಎಚ್ಚರಿಸುತ್ತದೆ.

ಆದರೆ ನಾಲಿಗೆಗೆ ಲೋಹದ ಲೆಕ್ಕ ಗೊತ್ತಿಲ್ಲ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ಸಂಶೋಧಕರು ಇ-ಸಿಗರೇಟಿನ ಆವಿಯಲ್ಲಿ ತವರದ ಕಣಗಳನ್ನು ಕಂಡರು. ಅವು ಬೆಸುಗೆಯ ಕೂಡುಸ್ಥಾನಗಳಿಂದ ಬಂದವು. 2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ದಿನವೂ ಬಳಸುವ 56 ಜನರ ಸಾಧನಗಳನ್ನು ತಂದು, ಬಾಟಲಿಯ ದ್ರವ, ಟ್ಯಾಂಕಿನಲ್ಲಿ ಉಳಿದ ದ್ರವ ಮತ್ತು ಆವಿ ಮೂರರಲ್ಲೂ ಲೋಹಗಳನ್ನು ಅಳೆದರು. ಬಾಟಲಿಯ ದ್ರವಕ್ಕೆ ಹೋಲಿಸಿದರೆ ಟ್ಯಾಂಕಿನಲ್ಲೂ ಆವಿಯಲ್ಲೂ ಸೀಸ, ಕ್ರೋಮಿಯಂ, ನಿಕ್ಕಲ್ ಮುಂತಾದವು ಬಹಳ ಹೆಚ್ಚಿದ್ದವು. ಅಂದರೆ ಲೋಹ ಸೇರುವುದು ಸಾಧನದ ಒಳಗೆ, ಕಾಯಿಲಿನ ಸಂಪರ್ಕದಲ್ಲಿ. ಈ ಸೀಸಕ್ಕೆ ರುಚಿಯಿಲ್ಲ, ವಾಸನೆಯಿಲ್ಲ.

ಅದೇ ಅಧ್ಯಯನದ ಇನ್ನೊಂದು ಅಂಶ ನನ್ನನ್ನು ತಡೆದು ನಿಲ್ಲಿಸಿತು. ಕಾಯಿಲನ್ನು ಹೆಚ್ಚು ಬಾರಿ ಬದಲಿಸುವವರ ಸಾಧನಗಳ ಆವಿಯಲ್ಲಿ ಲೋಹದ ಪ್ರಮಾಣ ಹೆಚ್ಚಿರುವ ಒಲವು ಕಂಡಿತು. ಹೊಸ ಕಾಯಿಲು ಲೋಹವನ್ನು ಸುಲಭವಾಗಿ ಬಿಟ್ಟುಕೊಡುತ್ತಿರಬಹುದು ಎಂದು ಸಂಶೋಧಕರು ಸೂಚಿಸಿದರು. ಇದು ಸಹಸಂಬಂಧ ಮಾತ್ರ, ಕಾರಣ ಇದೇ ಎಂದು ಹೇಳಲು ಸಾಲದು. ಆದರೂ ಇದನ್ನು ಓದಿದ ಮೇಲೆ "ತೊಳೆಯಬೇಡ, ಪ್ರತಿ ವಾರ ಹೊಸದು ಹಾಕು, ಎಲ್ಲ ಸರಿಯಾಗುತ್ತದೆ" ಎಂದು ನಾನು ಬರೆಯಬೇಕೆಂದಿದ್ದ ಸುಲಭದ ಉತ್ತರವನ್ನು ಕೈಬಿಟ್ಟೆ. ಹಳೆಯ ಕಾಯಿಲಿನಲ್ಲಿ ಸುಟ್ಟ ಸಕ್ಕರೆಯ ತೊಂದರೆ, ಹೊಸದರಲ್ಲಿ ಲೋಹದ ತೊಂದರೆ. ರುಚಿಗಾಗಿ ಮಾಡುವ ಶುಚಿಗೂ ಶ್ವಾಸಕೋಶಕ್ಕೆ ಬೇಕಾದ ಶುಚಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಕೈಪಿಡಿ ಬರೆದವರು ಮೊದಲನೆಯದನ್ನು ಹೇಳಿ, ಎರಡನೆಯದೂ ಸಿಕ್ಕಿತೆಂಬ ಭಾವನೆಯನ್ನು ಓದುಗನಲ್ಲಿ ಮೂಡಿಸುತ್ತಾರೆ.

ಒರೆಸಬೇಕಾದ ತಿರುಪು

ಕೈಪಿಡಿಯಲ್ಲಿ ಮೆಚ್ಚಬೇಕಾದ ಒಂದು ಸಾಲಿದೆ. ಆದರೆ ಅದನ್ನು ಕೊನೆಯಲ್ಲಿ "ಬೇಕಿದ್ದರೆ" ಎಂದು ಸೇರಿಸಿದ್ದಾರೆ. ಟ್ಯಾಂಕ್ ಮತ್ತು ಬ್ಯಾಟರಿಯ ಪೆಟ್ಟಿಗೆ ಕೂಡುವ ತಿರುಪನ್ನೂ ನಡುವಿನ ಲೋಹದ ಬಿಂದುವನ್ನೂ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ ಎಂಬುದು ಆ ಸಾಲು.

ಇಲ್ಲಿ ಕೊಳೆ ಕೂತರೆ ಕಾಯಿಲಿನೊಂದಿಗೆ ಸರಣಿಯಲ್ಲಿ ಒಂದು ಹೆಚ್ಚುವರಿ ರೋಧ ಸೇರುತ್ತದೆ. ಕಾಯಿಲು 0.5 ಓಮ್, ಕೊಳೆಯ ರೋಧ 0.1 ಓಮ್, ಬ್ಯಾಟರಿ 3.7 ವೋಲ್ಟ್ ಎನ್ನಿ. ಕೊಳೆಯಿಲ್ಲದಿದ್ದಾಗ ಕಾಯಿಲಿಗೆ 27 ವಾಟ್ ಸಿಗುತ್ತಿತ್ತು. ಈಗ ಸಿಗುವುದು 19 ವಾಟ್, ಜೊತೆಗೆ ತಿರುಪಿನಲ್ಲೇ 3.8 ವಾಟ್ ಶಾಖ ಹುಟ್ಟುತ್ತದೆ. ಸಡಿಲವಾದ ಪ್ಲಗ್ಗು ಬಿಸಿಯಾಗಿ ಕರಗುವುದನ್ನು ನೀವು ಕಂಡಿರುತ್ತೀರಿ. ಕಾರಣ ಅದೇ.

ಕೆಲವು ಸಾಧನಗಳು ತಂತಿಯ ರೋಧವನ್ನು ಅಳೆದು ತಾಪವನ್ನು ನಿಯಂತ್ರಿಸುತ್ತವೆ. ನಿಕ್ಕಲ್ ತಂತಿಯ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.6ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 0.10 ಓಮ್ ಇದ್ದದ್ದು 220 ಡಿಗ್ರಿಯಲ್ಲಿ 0.22 ಓಮ್ ಆಗುತ್ತದೆ. ಅಂದರೆ 2.2 ಪಟ್ಟು. ತಣ್ಣಗಿರುವಾಗ ಅಳೆಯುವ ಹೊತ್ತಿಗೆ ಕೊಳೆಯಿಂದಾಗಿ 0.02 ಓಮ್ ಸೇರಿಕೊಂಡಿದ್ದರೆ ಸಾಧನ ಮೂಲ ರೋಧವನ್ನು 0.12 ಎಂದು ತಿಳಿದು, 0.264 ಓಮ್ ಬರುವ ತನಕ ಕಾಯಿಸುತ್ತದೆ. ಅದರಲ್ಲಿ ಕೊಳೆಯ ಪಾಲು ಕಳೆದರೆ ತಂತಿಯ ರೋಧ 0.244. ಆಗ ತಂತಿಯ ನಿಜವಾದ ತಾಪ 260 ಡಿಗ್ರಿ, ಪರದೆಯ ಮೇಲೆ ಕಾಣುವುದು 220. ಕಣ್ಣಿಗೆ ಕಾಣದಷ್ಟು ಕೊಳೆಯಿಂದ 40 ಡಿಗ್ರಿಯ ದೋಷ. ಇಡೀ ಕೈಪಿಡಿಯಲ್ಲಿ ಮೂರೂ ಪ್ರಶ್ನೆಗಳಿಗೆ ನಿಲ್ಲುವ ಸಲಹೆ ಇದೊಂದೇ. ಕೊಳೆ ಆರಿದ ದ್ರವ, ಆಲ್ಕೊಹಾಲ್ ಅದನ್ನು ತೆಗೆಯುತ್ತದೆ, ಹೋಯಿತೋ ಇಲ್ಲವೋ ಎಂಬುದನ್ನು ರೋಧಮಾಪಕ ಹೇಳುತ್ತದೆ. ಇದನ್ನು ಮೊದಲ ಪುಟದಲ್ಲಿ ಹಾಕಬೇಕಿತ್ತು.

ಬ್ಯಾಟರಿಗೆ ಒಂದೂವರೆ ಸಾಲು

ಪ್ರಾಣಾಪಾಯ ತಟ್ಟನೆ ಬರುವುದು ಬ್ಯಾಟರಿಯಿಂದ. ಕೈಪಿಡಿ ಅದಕ್ಕೆ ಕೊಟ್ಟಿರುವುದು ಒಂದೂವರೆ ಸಾಲು: ಒದ್ದೆ ಮಾಡಬೇಡಿ, ಒಣಬಟ್ಟೆಯಿಂದ ಒರೆಸಿ. ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರ ಕೊನೆಯವರೆಗೆ ಅಲ್ಲಿ ಇ-ಸಿಗರೇಟು ಸ್ಫೋಟಿಸಿದ ಅಥವಾ ಹೊತ್ತಿಕೊಂಡ 195 ಘಟನೆಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ 133ರಲ್ಲಿ ಜನರಿಗೆ ಗಾಯಗಳಾಗಿದ್ದವು.

18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ, 2.5 ಆಂಪಿಯರ್-ಗಂಟೆಯ ಒಂದು ಕೋಶದಲ್ಲಿ ಸುಮಾರು 33 ಸಾವಿರ ಜೌಲ್ ವಿದ್ಯುತ್ ಶಕ್ತಿ ಇರುತ್ತದೆ. 100 ಗ್ರಾಂ ನೀರನ್ನು ಕೋಣೆಯ ತಾಪದಿಂದ ಕುದಿಬಿಂದುವಿಗೆ ತರಲು ಅಷ್ಟು ಸಾಕು. ಈ ಕೋಶದ ಲೋಹದ ಕವಚವೆಲ್ಲ ಋಣಧ್ರುವ, ಧನಧ್ರುವ ಮೇಲಿನ ಸಣ್ಣ ಗುಂಡಿ ಮಾತ್ರ. ಎರಡನ್ನೂ ಬೇರ್ಪಡಿಸುವುದು ತೆಳು ಪ್ಲಾಸ್ಟಿಕ್ ಹೊದಿಕೆ. ಒರೆಸುವಾಗ, ತೆಗೆದು ಹಾಕುವಾಗ ಹರಿಯುವುದು ಇದೇ ಹೊದಿಕೆ. ಹರಿದ ಕೋಶವನ್ನು ಬೀಗದ ಕೈ, ಚಿಲ್ಲರೆಗಳೊಂದಿಗೆ ಜೇಬಿನಲ್ಲಿಟ್ಟರೆ ಹತ್ತಾರು ಆಂಪಿಯರ್ ಪ್ರವಾಹ ಹರಿಯಬಹುದು. ಹಾಗಾಗಿ ನಿರ್ವಹಣೆಯ ಮೊದಲ ಸೂಚನೆ ಹೊಳಪಿನ ಬಗ್ಗೆ ಇರಬಾರದು. ಹೊದಿಕೆ ಹರಿದಿದೆಯೇ, ಕೋಶ ಉಬ್ಬಿದೆಯೇ ಎಂದು ನೋಡುವ ಬಗ್ಗೆ ಇರಬೇಕು. ಕೆಂಪಗೆ ಕಾಯಿಸುವ ವಿಧಾನದಲ್ಲಿ ಕೋಶದಿಂದ ಮತ್ತೆ ಮತ್ತೆ ದೊಡ್ಡ ಪ್ರವಾಹ ಎಳೆಯಲಾಗುತ್ತದೆ ಎಂಬ ಸಂಬಂಧವನ್ನೂ ಕೈಪಿಡಿ ಗುರುತಿಸಿಲ್ಲ.

ವಿದ್ಯಾರ್ಥಿಗೆ ಬರೆದದ್ದು

ಇಷ್ಟನ್ನೂ ಲೆಕ್ಕಗಳೊಂದಿಗೆ ಬರೆದು ಕಳಿಸಿದೆ. ಮಗುವಿನ ಬಾಟಲಿ ಇರುವ ಜಾಗದಿಂದ ಇವತ್ತೇ ತೆಗೆ, ಅಡುಗೆಮನೆಯ ಸಿಂಕು ಬಿಟ್ಟು ಬೇರೆ ಬೋಗುಣಿಯಲ್ಲಿ, ಕೈಗವಸು ಹಾಕಿ, ನೀರಿನಿಂದ ಟ್ಯಾಂಕ್ ತೊಳೆ. ಕಾಯಿಲನ್ನು ನೆನೆಸಿ ಮತ್ತೆ ಬಳಸುವ ಉಳಿತಾಯ ಬೇಡ, ಕೆಂಪಗೆ ಕಾಯಿಸುವುದು ಬೇಡವೇ ಬೇಡ. ಸಿಹಿ ಬೆರೆಸದ ದ್ರವವಾದರೆ ಕರಿ ಕಟ್ಟುವುದು ಕಡಿಮೆ, ಕಾಯಿಲು ಹೆಚ್ಚು ದಿನ ಬರುತ್ತದೆ. ತಿರುಪನ್ನು ವಾರಕ್ಕೊಮ್ಮೆ ಒರೆಸು. ಬ್ಯಾಟರಿಯ ಹೊದಿಕೆಯನ್ನು ಪ್ರತಿ ಸಲ ನೋಡು. ಸಿಗರೇಟಿಗೆ ಮರಳಬೇಡ, ಆದರೆ ಇದನ್ನೂ ಬಿಡುವ ದಿನಾಂಕವನ್ನು ವೈದ್ಯರ ಜೊತೆ ಕೂತು ಗೊತ್ತು ಮಾಡಿಕೋ. ಯಾವ ತೊಳೆತವೂ ಆ ಕೆಲಸವನ್ನು ಮಾಡಿಕೊಡುವುದಿಲ್ಲ ಎಂದು ಸೇರಿಸಿದೆ.

ಎರಡು ದಿನದ ಮೇಲೆ ಉತ್ತರ ಬಂತು. "ಸರ್, ಸ್ಟ್ಯಾಂಡು ಬದಲಾಯಿಸಿದೆ. ಆ ಎಂಟರಲ್ಲಿ ಒಂದು ಭಾಗದ ಲೆಕ್ಕ ನೀವು ಎರಡನೇ ವರ್ಷದಲ್ಲಿ ಮಾಡಿಸಿದ್ದಿರಿ, ಮರೆತೇಹೋಗಿತ್ತು." ಬಿಡುವ ದಿನಾಂಕದ ಬಗ್ಗೆ ಅವನೇನೂ ಬರೆದಿರಲಿಲ್ಲ. ಮುಂದಿನ ಫೋನಿನಲ್ಲಿ ಕೇಳಬೇಕು.

ಅಧ್ಯಾಪಕರಿಗೆ ಒಂದು ಮಾತು. ಇ-ಸಿಗರೇಟನ್ನು ತರಗತಿಗೆ ತರಬೇಕಾಗಿಲ್ಲ, ತರಲೂಬಾರದು. ಇದರ ಭೌತವಿಜ್ಞಾನವನ್ನು ತೋರಿಸಲು ಸಾಮಾನ್ಯ ವಸ್ತುಗಳೇ ಸಾಕು. ಹತ್ತಿಯ ಎರಡು ಬತ್ತಿಗಳಲ್ಲಿ ಒಂದನ್ನು ಬೆಲ್ಲದ ಪಾಕದಲ್ಲಿ ಅದ್ದಿ ಒಣಗಿಸಿ. ಎರಡನ್ನೂ ಬಣ್ಣ ಹಾಕಿದ ಗ್ಲಿಸರಿನ್ನಿನಲ್ಲಿ ನಿಲ್ಲಿಸಿ, ಹತ್ತು ನಿಮಿಷದಲ್ಲಿ ದ್ರವ ಎಷ್ಟೆಷ್ಟು ಎತ್ತರ ಏರಿತೆಂದು ಅಳೆಯಿರಿ. ನಂತರ ಪಾಕದ ಬತ್ತಿಯಂತಹದೇ ಇನ್ನೊಂದನ್ನು ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿ, ಮತ್ತೆ ಅಳೆಯಿರಿ. ಕೊನೆಗೆ ಮನೆಯಲ್ಲಿರುವ ಯಾವುದಾದರೂ ಶುಚಿಗೊಳಿಸುವ ಪುಡಿಯ ಪೊಟ್ಟಣವನ್ನು ತರಲು ಹೇಳಿ, ಅದರ ಮೇಲಿನ ಸೂಚನೆಗೆ ಆ ಮೂರು ಪ್ರಶ್ನೆಗಳನ್ನು ಮಕ್ಕಳೇ ಕೇಳಲಿ. ಎಷ್ಟು ಪೊಟ್ಟಣಗಳು ಮೂರನೆಯ ಪ್ರಶ್ನೆಯನ್ನು ದಾಟುತ್ತವೆ ಎಂಬುದನ್ನು ಹಲಗೆಯ ಮೇಲೆ ಬರೆದಿಡಿ.